ಮುಖ ಕಪ್ಪಾಗದಂತೆ ವಿಡಿಯೋ ತೆಗೆಯೋಣ
(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)

ನಾನು ಮದುವೆ ಮನೆಗಳಲ್ಲಿ ವಿಡಿಯೋ ತೆಗೆಯುವವನು. ಈಗ ಮನೆ ಮನೆಗೂ ಮೊಬೈಲ್ ಬಂದಿದೆ. ನೀವೂ ವಿಡಿಯೋ ತೆಗೀತೀರಿ. ಅದಕ್ಕೇ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳ್ತೀನಿ.

ನಮ್ಮ ಅಜ್ಜಿಗೆ ಬೀಸುವ ಕಲ್ಲಿನ ಹಾಡು ಬಹಳ ಬರುತ್ತಿದ್ದವು. ಓದು ಬರಹ ಇರಲಿಲ್ಲ. ಎಲ್ಲ ಬಾಯಿಪಾಠ. ಒಂದು ದಿನ ಪಡಸಾಲೆಯಲ್ಲಿ ಕೂರಿಸಿ ವಿಡಿಯೋ ತೆಗೆದೆ. ಅವಳ ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಹೊರಗೆ ಸುಡು ಬಿಸಿಲು. ಆಮೇಲೆ ನೋಡಿದರೆ ಅಂಗಳ ಚೆಂದ ಬಂದಿದೆ, ಅಜ್ಜಿಯ ಮುಖ ಮಾತ್ರ ಕಪ್ಪು. ಇನ್ನೊಮ್ಮೆ ತೆಗೆದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಳು. ಈಗ ನಮ್ಮ ಹತ್ತಿರ ಅವಳ ದನಿ ಇದೆ, ಮುಖ ಇಲ್ಲ.

ಹೀಗೇಕೆ ಆಯಿತು? ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಮೀಟರ್ ಇರುತ್ತದೆ. ಎದುರಿಗೆ ಇರುವುದೆಲ್ಲ ಬೂದು ಬಣ್ಣದ್ದು ಅಂತ ಅದರ ಲೆಕ್ಕ. ಬೆಳಕು ಹೆಚ್ಚು ಕಂಡರೆ ತಗ್ಗಿಸುತ್ತದೆ. ಕಡಿಮೆ ಕಂಡರೆ ಏರಿಸುತ್ತದೆ. ಅಂದು ಬಾಗಿಲಿನ ಬಿಸಿಲು ಕಂಡು ತಗ್ಗಿಸಿತು. ಮುಖ ಕತ್ತಲಾಯಿತು. ನಮ್ಮ ಅಕ್ಕಲಕೋಟ ಕಡೆ ಹಿರಿಯರು ಬಿಳಿ ಧೋತರ, ಬಿಳಿ ಟೊಪ್ಪಿಗೆ ಹಾಕುತ್ತಾರೆ. ಅಂಥವರು ಗುಂಪಾಗಿ ಕೂತರೂ ಹೀಗೇ. ಬಿಳಿ ಬಟ್ಟೆ ಮಾಸಿದ ಹಾಗೆ ಕಾಣುತ್ತದೆ. ಹೊಸ ಫೋನುಗಳು ಮುಖ ಗುರುತಿಸುತ್ತವೆ. ಆದರೂ ಒಮ್ಮೊಮ್ಮೆ ತಪ್ಪುತ್ತವೆ.

ಮೀಟರ್ ಅಳೆಯುವ ರೀತಿ ಮುಖ್ಯವಾಗಿ ಮೂರು.

ಒಂದು, ಇಡೀ ಚಿತ್ರದ ಅಳತೆ. ಇದು ಊರ ಪಂಚಾಯಿತಿ ಇದ್ದ ಹಾಗೆ, ಎಲ್ಲರ ಮಾತೂ ಕೇಳುತ್ತದೆ. ಚಿತ್ರವನ್ನು ಭಾಗ ಮಾಡಿ ಪ್ರತಿ ಭಾಗವನ್ನೂ ಅಳೆದು ಲೆಕ್ಕ ಹಾಕುತ್ತದೆ. 1983ರಲ್ಲಿ ಬಂದ ನಿಕಾನ್ ಎಫ್ಎ ಕ್ಯಾಮೆರಾ ಹೀಗೆ 5 ಭಾಗ ಮಾಡುತ್ತಿತ್ತು. ಜಾತ್ರೆ, ಹೊಲ, ಮೆರವಣಿಗೆಗೆ ಇದು ಸರಿ.

ಎರಡು, ನಡುವಿನ ಅಳತೆ. ಎಲ್ಲ ಕಡೆ ನೋಡಿದರೂ ನಡುವಿಗೆ ಹೆಚ್ಚು ಬೆಲೆ ಕೊಡುತ್ತದೆ. ಒಬ್ಬರು ನಡುವೆ ಕೂತು ಮಾತಾಡುವಾಗ ಒಳ್ಳೆಯದು.

ಮೂರು, ಚುಕ್ಕೆ ಅಳತೆ. ಇದಕ್ಕೆ ಸ್ಪಾಟ್ ಅಂತಾರೆ. ಚಿತ್ರದಲ್ಲಿ ನೂರಕ್ಕೆ 1ರಿಂದ 5 ಪಾಲಿನಷ್ಟು ಸಣ್ಣ ಜಾಗ ಮಾತ್ರ ಅಳೆಯುತ್ತದೆ. ಚುಕ್ಕೆ ಅಜ್ಜಿಯ ಮುಖದ ಮೇಲಿದ್ದರೆ ಮುಖ ಸ್ಪಷ್ಟ. ಹಿಂದಿನ ಬಾಗಿಲು ಬೆಳ್ಳಗಾಗುತ್ತದೆ. ಆಗಲಿ ಬಿಡಿ, ನಮಗೆ ಬೇಕಾದದ್ದು ಮುಖ.

ಆದರೆ ವಿಡಿಯೋದಲ್ಲಿ ಒಂದು ತೊಡಕು ಇದೆ ನೋಡ್ರಿ. ಫೋಟೋ ಒಂದೇ ಕ್ಷಣದ್ದು. ವಿಡಿಯೋ ಅಂದರೆ ಸಾಮಾನ್ಯವಾಗಿ ಸೆಕೆಂಡಿಗೆ 25 ಅಥವಾ 30 ಚಿತ್ರ. ಮೀಟರ್ ಅಳೆಯುತ್ತಲೇ ಇರುತ್ತದೆ. ಮದುಮಗಳು ಸ್ವಲ್ಪ ಸರಿದರೆ ಚುಕ್ಕೆ ಹಿಂದಿನ ಸುಣ್ಣದ ಗೋಡೆಯ ಮೇಲೆ ಬೀಳುತ್ತದೆ. ತಟ್ಟನೆ ಮುಖ ಕಪ್ಪಾಗುತ್ತದೆ. ಬಿಳಿ ಅಂಗಿಯವರು ಅಡ್ಡ ಬಂದರೂ ಬೆಳಕು ಏರಿಳಿಯುತ್ತದೆ. ಅದಕ್ಕೇ ಅಳತೆಯನ್ನು ಲಾಕ್ ಮಾಡಬೇಕು.

ಬಹಳಷ್ಟು ಫೋನುಗಳಲ್ಲಿ ಹೀಗೆ ಮಾಡ್ರಿ. ಪರದೆಯಲ್ಲಿ ಮುಖ ಕಾಣುವ ಕಡೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಲಾಕ್ ಗುರುತು ಬರುತ್ತದೆ. ಪಕ್ಕದಲ್ಲಿ ಸೂರ್ಯನ ಗುರುತು ಇದ್ದರೆ ಅದನ್ನು ಸರಿಸಿ ಬೆಳಕು ಹೆಚ್ಚು ಕಡಿಮೆ ಮಾಡಿಕೊಳ್ಳಿ. ಒಳಗಿನಿಂದ ಅಂಗಳಕ್ಕೆ ಹೋದರೆ ಲಾಕ್ ಬಿಡಿಸಿ ಮತ್ತೆ ಹಾಕಬೇಕು, ಮರೀಬೇಡಿ.

ಎಲ್ಲಕ್ಕಿಂತ ಸುಲಭದ ದಾರಿ ಒಂದಿದೆ. ಕೂತವರ ಮುಖವನ್ನು ಬಾಗಿಲ ಕಡೆ ತಿರುಗಿಸಿ. ಬೆಳಕು ಮುಖದ ಮೇಲೆ ಬೀಳಲಿ. ನೀವು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿ. ಮೊದಲು 10 ಸೆಕೆಂಡು ತೆಗೆದು ನೋಡಿ. ಸರಿಯಿದ್ದರೆ ಮುಂದುವರಿಸಿ. ನಾನು ಅಂದು ಇಷ್ಟು ಮಾಡಿದ್ದರೆ ಸಾಕಿತ್ತು.

ನಿಮ್ಮ ಮನೆಯಲ್ಲೂ ಹಾಡು, ಕಥೆ ಬಲ್ಲ ಹಿರಿಯರು ಇರಬಹುದು. ನಾಳೆ ಅನ್ನಬೇಡಿ. ಅವರ ದನಿಯ ಜೊತೆ ಮುಖವೂ ಉಳಿಯಲಿ.