ಪಕ್ಕದ ದಾರಿಗೆ ನುಗ್ಗುವ ತುಂಟ ಎಲೆಕ್ಟ್ರಾನುಗಳು

ಮಕ್ಕಳೇ, ಟಿವಿ ರಿಮೋಟನ್ನು ಕೈಗೆತ್ತಿಕೊಳ್ಳಿ. ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿ, ಒಂದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಬಹಳಷ್ಟು ಮೊಬೈಲುಗಳ ಪರದೆಯಲ್ಲಿ ಒಂದು ನಸುನೇರಳೆ ಚುಕ್ಕೆ ಮಿಣುಕುತ್ತದೆ. ಅದು ಅವಗೆಂಪು ಬೆಳಕು. ನಮ್ಮ ಕಣ್ಣಿಗೆ ಸಿಗದ ಅದು ಕ್ಯಾಮೆರಾದ ಕಣ್ಣಿಗೆ ಸಿಕ್ಕಿಬಿತ್ತು!

ಕ್ಯಾಮೆರಾದ ಆ ಕಣ್ಣು ಸಿಲಿಕಾನಿನಿಂದ ಆದದ್ದು. ರಿಮೋಟಿನ ಬೆಳಕನ್ನು ಸಿಲಿಕಾನ್ ನುಂಗುತ್ತದೆ, ಅದಕ್ಕೇ ಕ್ಯಾಮೆರಾಕ್ಕೆ ಅದು ಕಾಣುತ್ತದೆ. ಇಂಟರ್ನೆಟ್ ಸುದ್ದಿಗಳನ್ನು ಹೊತ್ತು ಗಾಜಿನ ಎಳೆಗಳಲ್ಲಿ ಓಡುವುದೂ ಅವಗೆಂಪು ಬೆಳಕೇ. ಆದರೆ ಅದರ ಅಲೆ ಇನ್ನೂ ಉದ್ದ, ಸುಮಾರು 1550 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಈ ಉದ್ದಲೆಯ ಬೆಳಕನ್ನು ಸಿಲಿಕಾನಿಗೆ ನುಂಗಲಾಗದು. ನಮಗೆ ಲೋಹದ ಹಾಗೆ ಬೂದುಬಣ್ಣವಾಗಿ ಕಾಣುವ ಸಿಲಿಕಾನ್, ಆ ಬೆಳಕಿನ ಪಾಲಿಗೆ ತಿಳಿಗಾಜು!

ಹಾಗಾದರೆ ಸಿಲಿಕಾನಿನಲ್ಲೇ ಬೆಳಕಿಗೆ ದಾರಿ ಮಾಡಿಕೊಡಬಹುದಲ್ಲ? ಎಂಜಿನಿಯರುಗಳು ಅದನ್ನೇ ಮಾಡಿದರು. ಗಾಜಿನ ಪದರದ ಮೇಲೆ ತೆಳ್ಳನೆಯ ಸಿಲಿಕಾನ್ ಪದರವಿಟ್ಟು, ಅದರಲ್ಲಿ ಸಣ್ಣ ಸಣ್ಣ ದಾರಿಗಳನ್ನು ಕೆತ್ತಿದರು. ನಿಮ್ಮ ತಲೆಯ ಒಂದು ಕೂದಲಿನ ದಪ್ಪದಲ್ಲಿ ಇಂಥ ದಾರಿಗಳ ಅಗಲ ನೂರು ಸಲ ಹಿಡಿಸೀತು. ಇದೇ ಫೋಟಾನಿಕ್ ಚಿಪ್.

ಒಂದೇ ಗಾಜಿನ ಎಳೆಯಲ್ಲಿ ಬೇರೆ ಬೇರೆ ಅಲೆಯುದ್ದದ ಹಲವು ಬೆಳಕುಗಳು ಒಟ್ಟಿಗೆ ಬರುತ್ತವೆ. ಕೆಲವು ಜೋರಾಗಿರುತ್ತವೆ, ಕೆಲವು ಸೊರಗಿರುತ್ತವೆ. ಎಲ್ಲವನ್ನೂ ಸಮ ಮಾಡಬೇಕಾದರೆ ಜೋರಾದವನ್ನು ಬೇಕಾದಷ್ಟೇ ತಗ್ಗಿಸಬೇಕು. ಚಿಪ್ಪಿನಲ್ಲಿ ಈ ಕೆಲಸ ಮಾಡುವ ಸಾಧನಕ್ಕೆ ಆಪ್ಟಿಕಲ್ ಅಟೆನ್ಯುಯೇಟರ್ ಎನ್ನುತ್ತಾರೆ.

ಅದು ಬೆಳಕನ್ನು ತಗ್ಗಿಸುವುದು ಹೇಗೆ? ನಿಮ್ಮ ಶಾಲೆಯ ಉದ್ದನೆಯ ಕಾರಿಡಾರನ್ನು ನೆನೆದುಕೊಳ್ಳಿ. ಎರಡೂ ಕಡೆ ತರಗತಿಗಳು. ಒಂದು ತುದಿಯಿಂದ ನೂರು ಮಕ್ಕಳು ಓಡಿಬರುತ್ತಾರೆ, ಅವರೇ ಬೆಳಕು. ಕಾರಿಡಾರ್ ಖಾಲಿಯಿದ್ದರೆ ಹೆಚ್ಚುಕಡಿಮೆ ನೂರೂ ಮಂದಿ ಆಚೆ ತುದಿ ಸೇರುತ್ತಾರೆ. ಈಗ ಗಂಟೆ ಬಾರಿಸಿತು. ಎರಡೂ ಕಡೆಯ ತರಗತಿಗಳಿಂದ ಮಕ್ಕಳು ಹೊರಬಂದು, ಓಡುವವರನ್ನು ಮುಟ್ಟಿ ಔಟ್ ಮಾಡತೊಡಗಿದರು. ಗುಂಪು ದೊಡ್ಡದಾದಷ್ಟೂ ಆಚೆ ತುದಿ ಮುಟ್ಟುವವರು ಕಡಿಮೆ.

ಚಿಪ್ಪಿನಲ್ಲಿ ಗಂಟೆಯ ಕೆಲಸ ಮಾಡುವುದು ವೋಲ್ಟೇಜ್. ಬೆಳಕಿನ ದಾರಿಯ ಒಂದು ಬದಿಯಿಂದ ಎಲೆಕ್ಟ್ರಾನುಗಳು ಬರುತ್ತವೆ. ಇನ್ನೊಂದು ಬದಿಯಿಂದ 'ಹೋಲ್'ಗಳು, ಅಂದರೆ ಎಲೆಕ್ಟ್ರಾನ್ ಇರಬೇಕಾದಲ್ಲಿ ಬಿಟ್ಟುಹೋದ ಖಾಲಿ ಜಾಗಗಳು, ಬರುತ್ತವೆ. ಎರಡೂ ಬೆಳಕನ್ನು ಹೀರುತ್ತವೆ. ಎಷ್ಟು ಗುಂಪಿಗೆ ಎಷ್ಟು ಹೀರಿಕೆ ಎಂದು ಅಮೆರಿಕದ ರಿಚರ್ಡ್ ಸೋರೆಫ್ ಮತ್ತು ಬ್ರಯಾನ್ ಬೆನೆಟ್ 1987ರಲ್ಲೇ ಲೆಕ್ಕ ಹಾಕಿಕೊಟ್ಟರು. ಇಂದಿಗೂ ಎಂಜಿನಿಯರುಗಳು ಆ ಲೆಕ್ಕವನ್ನು ಬಳಸುತ್ತಾರೆ.

ಇನ್ನು ತುಂಟಾಟದ ವಿಷಯಕ್ಕೆ ಬರೋಣ. ಚಿಪ್ಪಿನಲ್ಲಿ ಇಂಥ ಕಾರಿಡಾರುಗಳು ಒಂದರ ಪಕ್ಕ ಒಂದು ಇರುತ್ತವೆ. ನಡುವೆ ಗೋಡೆಯಿಲ್ಲದಿದ್ದರೆ, ಇಲ್ಲಿ ಗಂಟೆ ಬಾರಿಸಿದಾಗ ಹೊರಬಂದವರಲ್ಲಿ ಕೆಲವರು ಪಕ್ಕದ ಕಾರಿಡಾರಿಗೂ ನುಗ್ಗುತ್ತಾರೆ. ಅಲ್ಲಿ ಗಂಟೆಯೇ ಬಾರಿಸಿಲ್ಲ, ಆದರೂ ಓಡುವವರು ಔಟ್! ಹೀಗೆ ದಾರಿ ತಪ್ಪಿ ಹರಿಯುವ ವಿದ್ಯುತ್ತೇ ಸೋರಿಕೆ ಕರೆಂಟ್. ಒಂದು ಬೆಳಕನ್ನು ತಗ್ಗಿಸಲು ಹೋದರೆ ನೆರೆಯ ಬೆಳಕೂ ಮಂಕಾಗುತ್ತದೆ.

ಈ ಸೋರಿಕೆಯನ್ನು ತಡೆಯುವ ಮೊದಲನೆಯ ಉಪಾಯ ಸುಲಭ: ಗೋಡೆ ಕಟ್ಟುವುದು. ಎರಡು ದಾರಿಗಳ ನಡುವಿನ ಸಿಲಿಕಾನನ್ನು ಕೆಳಗಿನ ಗಾಜಿನ ಪದರ ಸಿಗುವವರೆಗೂ ಕೊರೆದು, ಆ ಕಂದಕಕ್ಕೆ ಗಾಜಿನಂಥದೇ ವಸ್ತುವನ್ನು ತುಂಬುತ್ತಾರೆ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲವಲ್ಲ! ಆದರೆ ಕಂದಕ ಬೆಳಕಿನ ದಾರಿಗೆ ತೀರಾ ಹತ್ತಿರವಿರಬಾರದು. ಬೆಳಕು ತನ್ನ ದಾರಿಯ ಅಂಚಿನಾಚೆಗೂ ಒಂದಿಷ್ಟು ಹರಡಿಕೊಂಡಿರುತ್ತದೆ. ಅದಕ್ಕೆ ಕಂದಕ ತಗುಲಿದರೆ ಬೆಳಕು ಚೆದುರಿ ಹೋಗುತ್ತದೆ.

ಎರಡನೆಯ ಉಪಾಯ, ದಾರಿಗಳನ್ನು ದೂರ ದೂರ ಇಡುವುದು. ಎಲೆಕ್ಟ್ರಾನ್ ಅಲೆಯುತ್ತಾ ಹೋದರೆ ಎಲ್ಲೋ ಒಂದು ಹೋಲ್ ಸಿಕ್ಕಿ ಅದರಲ್ಲಿ ಸೇರಿಬಿಡುತ್ತದೆ, ಅಲ್ಲಿಗೆ ಅದರ ತುಂಟಾಟ ಮುಗಿಯಿತು. ದೂರ ಹೆಚ್ಚಿದಷ್ಟೂ ನೆರೆಯವರನ್ನು ತಲುಪುವವು ಕಡಿಮೆ. ಆದರೆ ಚಿಪ್ಪಿನಲ್ಲಿ ಜಾಗ ಬಲು ತುಟ್ಟಿ.

ಮೂರನೆಯದನ್ನು ನೀವೇ ಹುಡುಕಿ ನೋಡಿ. ಪ್ರತಿ ಕಾರಿಡಾರಿನ ಒಂದು ಬದಿ ಎಲೆಕ್ಟ್ರಾನುಗಳದ್ದು, ಇನ್ನೊಂದು ಬದಿ ಹೋಲ್‌ಗಳದ್ದು. ಒಂದರ ಎಲೆಕ್ಟ್ರಾನ್ ಬದಿಗೆ ನೆರೆಯ ಹೋಲ್ ಬದಿ ಎದುರಾದರೆ, ಅವೆರಡರ ನಡುವೆಯೇ ಕರೆಂಟ್ ಹರಿಯಬಹುದು. ಈ ಎರಡು ಕಾರಿಡಾರುಗಳನ್ನು ಹೇಗೆ ಜೋಡಿಸುತ್ತೀರಿ? ಒಂದನ್ನು ತಿರುಗಿಸಿ ಇಡಿ! ಎಲೆಕ್ಟ್ರಾನ್ ಬದಿಗೆ ಎಲೆಕ್ಟ್ರಾನ್ ಬದಿಯೇ ಎದುರಾಗಲಿ, ಎರಡಕ್ಕೂ ಒಂದೇ ವೋಲ್ಟೇಜ್ ಇರಲಿ. ಆಗ ಅತ್ತಿತ್ತ ಎಳೆಯುವ ಸೆಳೆತವೇ ಇರುವುದಿಲ್ಲ. ಹೊಸ ಗೋಡೆ ಬೇಡ, ಹೆಚ್ಚಿನ ಜಾಗವೂ ಬೇಡ. ಕಟ್ಟುವ ಮೊದಲೇ ಯಾರ ಪಕ್ಕ ಯಾರು ಎಂದು ಕಾಗದದ ಮೇಲೆ ಬರೆದು ಯೋಚಿಸಿದರಾಯಿತು.