ಆಲೂಗೆಡ್ಡೆಯ ಸೊರಗು ರೋಗ: ಮಣ್ಣಿನ ಬ್ಯಾಕ್ಟೀರಿಯವು ಬೇರನ್ನು ಹುಡುಕುವ ಬಗೆ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಬೆಳೆಗಾರರಿಗಾಗಿ ಉಪನ್ಯಾಸ)



ಹಾಸನ ಸೀಮೆಯಲ್ಲಿ ಮುಂಗಾರಿಗೆ ಮುಂಚಿನ ಮಳೆ ಬಿದ್ದೊಡನೆ ಆಲೂಗೆಡ್ಡೆಯ ಬಿತ್ತನೆ ಪ್ರಾರಂಭವಾಗುವುದು ವಾಡಿಕೆ. ಗಿಡವು ಹುಲುಸಾಗಿ ಬೆಳೆದು ನಿಂತ ಮೇಲೆ ಕೆಲವು ಹೊಲಗಳಲ್ಲಿ ಒಂದು ವಿಚಿತ್ರವು ಕಂಡುಬರುತ್ತದೆ. ಮಣ್ಣಿನಲ್ಲಿ ತೇವವಿರುತ್ತದೆ, ಎಲೆಯ ಮೇಲೆ ಚುಕ್ಕೆಯಿರುವುದಿಲ್ಲ; ಆದರೂ ಗಿಡವು ನಡುಹಗಲಿನಲ್ಲಿ ಬಾಡಿ, ಸಂಜೆಗೆ ಚೇತರಿಸಿಕೊಂಡು, ಕೆಲವೇ ದಿನಗಳಲ್ಲಿ ಹಸುರಾಗಿದ್ದಂತೆಯೇ ಜೋತುಬಿದ್ದು ಸಾಯುತ್ತದೆ. ಇದು ಎಲೆ ಕಪ್ಪಾಗಿ ಕೊಳೆಯುವ ಅಂಗಮಾರಿಯಲ್ಲ. ಅಂಗಮಾರಿಯ ಔಷಧವನ್ನು ಇದಕ್ಕೆ ಎಷ್ಟು ಸಿಂಪಡಿಸಿದರೂ ಹಣ ಪೋಲಾಗುವುದೇ ಹೊರತು ಗಿಡ ಉಳಿಯದು. ಇಂಥ ಗಿಡದ ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದರೆ ಸಿಪ್ಪೆಯ ಒಳಗಡೆ ಬಳೆಯಂತೆ ಒಂದು ಕಂದು ವೃತ್ತವು ಕಾಣುತ್ತದೆ. ಒತ್ತಿದರೆ ಅದರಿಂದ ಬೂದುಬಿಳುಪಿನ ಅಂಟು ಒಸರುತ್ತದೆ.

ರೋಗವು ಹೊಸದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮುಂದೆ ವ್ಯವಸಾಯ ಇಲಾಖೆಯ ಡೈರೆಕ್ಟರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು 1909ರಲ್ಲಿಯೇ ಆಲೂಗೆಡ್ಡೆಯ ಉಂಗುರ ರೋಗವೆಂದು ಇದರ ಮೇಲೆ ಪುಸ್ತಿಕೆಯನ್ನು ಬರೆದರು. ಆ ಸಂಸ್ಥಾನವು ಚರಿತ್ರೆಗೆ ಸೇರಿತು. ರೋಗವು ಮಾತ್ರ ಹೊಲವನ್ನು ಬಿಟ್ಟು ಹೋಗಿಲ್ಲ.

ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಅಮೆರಿಕದ ಎರ್ವಿನ್ ಸ್ಮಿತ್ ಅವರು 1896ರಲ್ಲಿ ವರ್ಣಿಸಿದರು. ಈಗಿನ ಶಾಸ್ತ್ರಜ್ಞರು ಅದನ್ನು ರಾಲ್‌ಸ್ಟೋನಿಯ ಸೊಲನೇಸಿಯಾರಮ್ ಎನ್ನುತ್ತಾರೆ. ಒಂದು ಮಿಲಿಮೀಟರಿನ ಉದ್ದಕ್ಕೆ ಇಂಥ ಐನೂರು ಜೀವಿಗಳನ್ನು ಸಾಲಾಗಿ ಮಲಗಿಸಬಹುದು. ಕಣ್ಣಿಲ್ಲದ, ಮೂಗಿಲ್ಲದ ಈ ಜೀವಿಯು ಕತ್ತಲೆಯ ಮಣ್ಣಿನೊಳಗೆ ಬೇರು ಎಲ್ಲಿದೆಯೆಂದು ಹೇಗೆ ತಿಳಿಯುತ್ತದೆ?

ಬೇರು ನೀರನ್ನು ಹೀರುವುದಷ್ಟೇ ಅಲ್ಲ, ತಾನೂ ಮಣ್ಣಿಗೆ ಒಸರುತ್ತದೆ. ಎಲೆಯಲ್ಲಿ ಸಿದ್ಧವಾದ ಆಹಾರದ ಒಂದು ಪಾಲು ಸಕ್ಕರೆ, ಅಮೈನೋ ಆಮ್ಲ, ಮ್ಯಾಲಿಕ್ ಆಮ್ಲ ಮುಂತಾದ ರೂಪದಲ್ಲಿ ಬೇರಿನಿಂದ ಹೊರಬೀಳುತ್ತದೆ. ಕಡಲೆಯ ಹೊಲದಲ್ಲಿ ಮುಂಜಾನೆ ಎಲೆಯ ಮೇಲೆ ಕೂಡುವ ಹುಳಿಯಲ್ಲಿರುವುದೂ ಇದೇ ಮ್ಯಾಲಿಕ್ ಆಮ್ಲ. ಮನೆಯ ಮೂಲೆಯಲ್ಲಿ ಹಲಸಿನ ಹಣ್ಣು ಮಾಗಿದರೆ ಅದರ ವಾಸನೆಯು ಹತ್ತಿರ ದಟ್ಟವಾಗಿಯೂ ದೂರ ಹೋದಂತೆ ತೆಳುವಾಗಿಯೂ ಇರುವಂತೆ, ಈ ರಸಗಳು ಬೇರಿನ ಸುತ್ತ ಕೆಲವು ಮಿಲಿಮೀಟರುಗಳವರೆಗೆ ಹರಡಿರುತ್ತವೆ.

ಬ್ಯಾಕ್ಟೀರಿಯದ ಮೈಪೊರೆಯಲ್ಲಿ ಇಂಥ ರಸಗಳನ್ನು ಗುರುತಿಸುವ ಪ್ರೋಟೀನುಗಳಿವೆ. ಸೊರಗಿನ ಬ್ಯಾಕ್ಟೀರಿಯದಲ್ಲಿ ಅವು ಇಪ್ಪತ್ತಕ್ಕೂ ಹೆಚ್ಚು ಬಗೆ. ಆದರೆ ಅಷ್ಟು ಗಿಡ್ಡ ಮೈಯ ಎರಡು ತುದಿಗಳಲ್ಲಿ ರಸದ ಸಾಂದ್ರತೆಗೆ ಹೇಳಿಕೊಳ್ಳುವಷ್ಟು ವ್ಯತ್ಯಾಸವಿರದು. ಆದ್ದರಿಂದ ಅದು ಸ್ಥಳವನ್ನು ಸ್ಥಳದೊಡನೆ ಹೋಲಿಸದೆ, ಈ ಗಳಿಗೆಯ ರುಚಿಯನ್ನು ಕ್ಷಣಕಾಲದ ಹಿಂದಿನ ರುಚಿಯೊಡನೆ ಹೋಲಿಸುತ್ತದೆ. ಕರುಳಿನಲ್ಲಿ ವಾಸಿಸುವ ಕೋಲಿ ಬ್ಯಾಕ್ಟೀರಿಯದ ಚಲನೆಯನ್ನು ಹೋವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಎಂಬವರು 1972ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಹಿಂಬಾಲಿಸಿ ಇದನ್ನು ಸ್ಪಷ್ಟಪಡಿಸಿದರು. ಚಾಟಿಯಂಥ ಎಳೆಗಳನ್ನು ತಿರುಗಿಸುತ್ತ ಅದು ಸುಮಾರು ಒಂದು ಸೆಕೆಂಡು ನೇರವಾಗಿ ಈಜುತ್ತದೆ. ತಟಕ್ಕನೆ ತಡವರಿಸಿ, ಎತ್ತಲೋ ಮುಖ ಮಾಡಿ ಮತ್ತೆ ಹೊರಡುತ್ತದೆ. ರುಚಿಯು ಹೆಚ್ಚುತ್ತಿದ್ದರೆ ತಡವರಿಕೆಯನ್ನು ಮುಂದೂಡಿ ಅದೇ ದಿಕ್ಕಿಗೆ ಇನ್ನಷ್ಟು ದೂರ ಹೋಗುತ್ತದೆ. ದಾರಿ ತಿಳಿಯದಿದ್ದರೂ ಹೀಗೆಯೇ ಗುರಿಯ ಸಮೀಪಕ್ಕೆ ಬಂದು ಸೇರುತ್ತದೆ.

ಈ ವಿದ್ಯೆಯು ರೋಗಕ್ಕೆ ನಿಜವಾಗಿಯೂ ಬೇಕೇ ಎಂಬುದನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಯಾವ್ ಮತ್ತು ಆಲನ್ ಎಂಬವರು ಟೊಮ್ಯಾಟೊ ಗಿಡದ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಈಜಬಲ್ಲ, ಆದರೆ ರುಚಿಯ ಜಾಡು ಹಿಡಿಯಲಾರದ ಬ್ಯಾಕ್ಟೀರಿಯವನ್ನು ತಯಾರಿಸಿ ಮಣ್ಣಿಗೆ ಸುರಿದಾಗ ರೋಗವು ಬಹಳ ಕಡಮೆಯಾಯಿತು. ಅದನ್ನೇ ನೇರವಾಗಿ ಕಾಂಡದೊಳಕ್ಕೆ ಹೊಗಿಸಿದಾಗ ಗಿಡವು ಎಂದಿನಂತೆಯೇ ಸೊರಗಿತು. ಟೊಮ್ಯಾಟೊ ಬೇರಿನ ರಸಕ್ಕೆ ಮುಗಿಬಿದ್ದ ಬ್ಯಾಕ್ಟೀರಿಯವು, ಈ ರೋಗ ಬಾರದ ಬತ್ತದ ಬೇರಿನ ರಸಕ್ಕೆ ಅಷ್ಟಾಗಿ ಮನಸೋಲಲಿಲ್ಲವೆಂಬುದೂ ಅದೇ ಪರೀಕ್ಷೆಯಲ್ಲಿ ಕಂಡುಬಂತು.

ಇದರಿಂದ ಬೇಸಾಯಗಾರನಿಗೆ ತಿಳಿಯತಕ್ಕದ್ದು ಬಹಳವಿದೆ. ಬ್ಯಾಕ್ಟೀರಿಯವು ಸ್ವಂತ ಶಕ್ತಿಯಿಂದ ಕ್ರಮಿಸುವುದು ಬೇರಿನ ಬಳಿಯ ಕೊನೆಯ ಕೂದಲೆಳೆಯಷ್ಟು ದಾರಿ. ಅದೂ ಮಣ್ಣಿನ ಕಣಗಳ ನಡುವೆ ನೀರಿದ್ದರೆ ಮಾತ್ರ. ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ಅದನ್ನು ಹೊತ್ತೊಯ್ಯುವವನು ಮನುಷ್ಯನೇ. ಜಲಂಧರದ ಕಡೆಯಿಂದ ಲಾರಿಯಲ್ಲಿ ಬರುವ ಬಿತ್ತನೆಯಾಗಲಿ, ನೆರೆಯವನ ಉಗ್ರಾಣದ್ದಾಗಲಿ, ಹೊರಗೆ ನುಣುಪಾಗಿ ಕಾಣುವ ಗೆಡ್ಡೆಯು ಒಳಗೆ ರೋಗವನ್ನು ಅಡಗಿಸಿಕೊಂಡಿರಬಹುದು. ಅಂಥ ಒಂದು ಗೆಡ್ಡೆಯನ್ನು ಕೊಯ್ದ ಕತ್ತಿಯು ಮುಂದಿನ ಹಲವು ಹೋಳುಗಳಿಗೆ ಅಂಟು ಹಚ್ಚುತ್ತದೆ. ಕತ್ತಿಯನ್ನು ಆಗಾಗ್ಗೆ ಸ್ಪಿರಿಟ್ಟಿನಲ್ಲಿ ಅದ್ದಬೇಕು. ಸಣ್ಣ ಗೆಡ್ಡೆಯನ್ನು ಇಡಿಯಾಗಿ ಬಿತ್ತುವುದು ಇನ್ನೂ ಮೇಲು. ಗಿಡ ಸೊರಗಿದ ಹೊಲದ ಗೆಡ್ಡೆಯನ್ನು ಬಿತ್ತನೆಗೆ ಇಡಲೇಬಾರದು. ಹೇಮಾವತಿಯ ನಾಲೆಯ ನೀರು ಬರುವ ಕಡೆ, ರೋಗದ ಪಾತಿಯಿಂದ ನೀರು ಒಳ್ಳೆಯ ಪಾತಿಗೆ ಇಳಿಯದಂತೆ ಬದು ಕಟ್ಟಬೇಕು.

ಕಾಂಡದ ಪರೀಕ್ಷೆಯು ಹೇಳುವುದು ಮತ್ತೊಂದು. ಗಾಯವಿದ್ದರೆ ಬ್ಯಾಕ್ಟೀರಿಯಕ್ಕೆ ಅಷ್ಟು ಹುಡುಕಾಟವೂ ಬೇಡ. ಮಣ್ಣು ಹಸಿಯಾಗಿರುವಾಗ ಎಡೆಕುಂಟೆ ಹೊಡೆದು ಬೇರು ಹರಿಯುವವನು ಅದಕ್ಕೆ ಬಾಗಿಲು ತೆರೆದಂತೆಯೇ. ಮಣ್ಣು ಏರಿಸುವ ಕೆಲಸವನ್ನು ಬೇರು ಬಲಿಯುವ ಮೊದಲೇ ಒಮ್ಮೆಗೆ ಮುಗಿಸುವುದು ಲೇಸು.

ಬೆಳೆ ಬದಲಿಸುವ ವಿಷಯದಲ್ಲಿ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಆಲೂಗೆಡ್ಡೆಯಾದ ಮೇಲೆ ಟೊಮ್ಯಾಟೊ, ಬದನೆ ಅಥವಾ ಮೆಣಸಿನಕಾಯಿ, ಅರಕಲಗೂಡಿನ ಕಡೆ ಹೊಗೆಸೊಪ್ಪು, ಬೆಲೆ ಏರಿದ ವರುಷ ಶುಂಠಿ: ಇದು ಬದಲಾವಣೆಯೆನಿಸದು. ಮೊದಲ ನಾಲ್ಕೂ ಒಂದೇ ಕುಲದವು, ಇದೇ ರೋಗಕ್ಕೆ ತುತ್ತಾಗತಕ್ಕವು. ಶುಂಠಿಯ ಸೊರಗೂ ಇದೇ ವರ್ಗದ ಬ್ಯಾಕ್ಟೀರಿಯದಿಂದ ಬರುತ್ತದೆ. ರಾಗಿ ಅಥವಾ ಮುಸುಕಿನ ಜೋಳವನ್ನು ಎರಡು ಮೂರು ವರುಷ ಹಾಕುವುದರಿಂದ ಕೈಗೆ ಬರುವ ಹಣ ಕಡಮೆಯೆಂಬುದು ನಿಜ, ಸಾಲವಿರುವ ಮನೆಗೆ ಅದು ಸುಲಭದ ಮಾತಲ್ಲ. ಆದರೆ ಸೊರಗಿದ ಹೊಲದಲ್ಲಿ ಬಿತ್ತನೆ, ಗೊಬ್ಬರ, ಕೂಲಿ ಮೂರೂ ಒಟ್ಟಿಗೆ ಮುಳುಗುತ್ತವೆ. ಆ ವರುಷಗಳಲ್ಲಿ ತಾನಾಗಿ ಮೊಳೆತ ಆಲೂಗೆಡ್ಡೆ ಗಿಡವನ್ನೂ ಗಣಿಕೆ ಗಿಡವನ್ನೂ ಕೀಳದಿದ್ದರೆ ರಾಗಿ ಹಾಕಿದ ಫಲವು ಅರ್ಧಕ್ಕೆ ನಿಲ್ಲುತ್ತದೆ.

ಸಂದೇಹವಿದ್ದಾಗ ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಸೊರಗಿದ ಗಿಡದ ಕಾಂಡವನ್ನು ಬುಡದಲ್ಲಿ ಎರಡಂಗುಲ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿ ಮಾತ್ರ ಮುಳುಗುವಂತೆ ಅಲುಗಾಡದೆ ಹಿಡಿಯಬೇಕು. ಕೆಲವು ನಿಮಿಷಗಳಲ್ಲಿ ಕೊಯ್ದ ಭಾಗದಿಂದ ಹಾಲಿನಂಥ ಸಣ್ಣ ಎಳೆಗಳು ನೀರಿಗಿಳಿದರೆ ಅದು ಈ ರೋಗವೇ. ಪರೀಕ್ಷೆಯಾದ ಮೇಲೆ ಆ ನೀರನ್ನು ಕುದಿಸಿಯೇ ಚೆಲ್ಲತಕ್ಕದ್ದು. ಗಿಡವನ್ನು ಗೊಬ್ಬರದ ಗುಂಡಿಗೆ ಹಾಕದೆ ಬೇರುಸಹಿತ ಸುಡತಕ್ಕದ್ದು.