ಮಾಯದುಂಗುರ ಮತ್ತು ಊಟದ ಮುಂಚಿನ ಮೌನ

ಕಲ್ಪಿತ ಲೋಕದ ಕಥೆಗಳಲ್ಲಿ ಒಂದು ಜನಾಂಗದ ಸಂಸ್ಕೃತಿಯನ್ನು ಕಾಯುವುದು ಮಾಯಾಶಕ್ತಿ ಎಂದು ನಾವು ನಂಬಿಬಿಟ್ಟಿದ್ದೇವೆ. 1954-55ರಲ್ಲಿ ಪ್ರಕಟವಾದ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಈ ನಂಬಿಕೆಯನ್ನು ಬುಡಮೇಲು ಮಾಡುತ್ತದೆ ಎಂಬುದು ನನ್ನ ವಾದ. ಅಲ್ಲಿ ಎಲ್ಫ್ ಎಂಬ ಜನಾಂಗದ ಬಳಿ ಮೂರು ಮಾಯದುಂಗುರಗಳಿವೆ. ಅವನ್ನು ಮಾಡಿದ್ದೇ ಇದ್ದುದನ್ನು ಇದ್ದಂತೆ ಕಾಪಾಡಿಕೊಳ್ಳಲು. ಎಲ್ಫ್ ಒಡತಿ ಗ್ಯಾಲಾಡ್ರಿಯೆಲ್ ಬೆರಳಲ್ಲಿ ಅಂಥದೊಂದು ಇರುವವರೆಗೆ ಲೋತ್‌ಲೋರಿಯೆನ್ ಕಾಡಿಗೆ ಮುಪ್ಪಿಲ್ಲ. ಆದರೆ ಮೂರರ ಬಲವೂ ಕಥೆಯ ಖಳ ಸೌರಾನನ ಉಂಗುರಕ್ಕೆ ಕಟ್ಟುಬಿದ್ದದ್ದು. ಅದು ಬೆಂಕಿಗೆ ಬಿದ್ದು ಕರಗಿದ ಮೇಲೆ ಇವುಗಳ ಶಕ್ತಿಯೂ ಇಂಗಿತು. ಗ್ಯಾಲಾಡ್ರಿಯೆಲ್ ಹಡಗು ಹತ್ತಿದಳು, ಕಾಡು ಬರಿದಾಯಿತು.

ಮಾಯೆ ಕಾಯಲಾಗದ್ದನ್ನು ಆಚರಣೆ ಕಾಯುತ್ತದೆ: ಅದೇ ಕಥೆಯ ಮನುಷ್ಯರ ನಾಡು ಗೊಂಡೋರಿನ ಜನರನ್ನು ನೋಡಿ. ಅವರ ಪೂರ್ವಿಕರ ದ್ವೀಪ ನ್ಯೂಮೆನೋರ್ ಕಡಲಲ್ಲಿ ಮುಳುಗಿ ಮೂರು ಸಾವಿರ ವರ್ಷ ಕಳೆದಿದೆ. ಆದರೂ ಅಲ್ಲಿನ ದಳಪತಿ ಫರಾಮಿರನ ಯೋಧರು ಊಟಕ್ಕೆ ಕೂರುವ ಮುನ್ನ ಪಡುವಣಕ್ಕೆ ಮುಖಮಾಡಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ: ಮುಳುಗಿದ ನಾಡಿನತ್ತ, ಅದರಾಚೆಯ ಎಲ್ಫ್‌ಗಳ ನೆಲೆಯತ್ತ, ಅದಕ್ಕೂ ಆಚೆಗೆ. ಪೂಜಾರಿಯಿಲ್ಲ, ಗುಡಿಯಿಲ್ಲ, ಮಂತ್ರವೂ ಇಲ್ಲ. ಅತಿಥಿಯಾಗಿ ಬಂದ ಕಥಾನಾಯಕ ಫ್ರೋಡೋ ತನ್ನವರಲ್ಲಿ ಇಂಥ ಪದ್ಧತಿ ಇಲ್ಲವಲ್ಲ ಎಂದು ಮುಜುಗರಪಡುತ್ತಾನೆ. ಕಾದಂಬರಿಯುದ್ದಕ್ಕೂ ಮತಾಚರಣೆ ಎನ್ನಬಹುದಾದದ್ದು ತೀರ ವಿರಳ. ಹಾಗಾಗಿ ಈ ಪುಟ್ಟ ಪ್ರಸಂಗದ ತೂಕ ಹೆಚ್ಚು. ಇದು ಯಾವ ಉಂಗುರವನ್ನೂ ಆಶ್ರಯಿಸಿಲ್ಲ. ತೋರಿಸಿಕೊಡುವ ಹಿರಿಯರು, ನೋಡಿ ಕಲಿಯುವ ಕಿರಿಯರು ಇದ್ದರಾಯಿತು.

ನ್ಯೂಮೆನೋರನ್ನು ಮುಳುಗಿಸಿದ್ದೇ ಮತವಲ್ಲವೇ ಎಂದು ನೀವು ಕೇಳಬಹುದು. ಹೌದು, ಸೌರಾನ್ ಅಲ್ಲಿ ಗುಡಿ ಕಟ್ಟಿಸಿ ನರಬಲಿ ಕೊಡಿಸಿದ. ಆದರೆ ಅರಸನ ಸಾವಿನ ಭಯದ ಮೇಲೆ ಬೆಳೆದ ಆ ಮತ ಹಿಂದಿನವರ ನೆನಪನ್ನು ಅಳಿಸಲೆಂದೇ ಬಂದದ್ದು. ಅದರ ಬಲಿಪೀಠದ ಮೊದಲ ಬೆಂಕಿಗೆ ಸೌದೆಯಾದದ್ದು ಆ ನಾಡಿನ ಬಿಳಿಯ ಮರ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅರ್ಸುಲಾ ಲೆ ಗ್ವಿನ್ ಅವರ ‘ದಿ ಟೂಂಬ್ಸ್ ಆಫ್ ಅಟುವಾನ್’ ಕಾದಂಬರಿಯಲ್ಲಿದೆ. ಅಲ್ಲಿ ವಿಧಿಗಳು ಚಾಚೂ ತಪ್ಪದೆ ನಡೆಯುತ್ತವೆ, ಆದರೆ ಮಂದಿರದ ಚಾವಣಿ ಶಿಥಿಲವಾಗಿದೆ, ಭಕ್ತರು ಬರುವುದಿಲ್ಲ. ಎಳೆಯ ಹುಡುಗಿ ಟೆನಾರಳನ್ನು ತಾಯಿಯಿಂದ ಅಗಲಿಸಿ ತಂದು, ಅವಳ ಹೆಸರನ್ನೂ ಕಸಿದು, ಅರ್ಚಕಿಯ ಪಟ್ಟ ಕಟ್ಟುತ್ತಾರೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ನನ್ನ ವಾದವನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳುತ್ತೇನೆ: ಜನರೇ ಬಿಟ್ಟುಹೋದ ಆಚರಣೆ ಕಾಯುವುದು ಕಲ್ಲುಗಳನ್ನು ಮಾತ್ರ. ಟೆನಾರ್ ತನ್ನ ಹೆಸರನ್ನು ಮರಳಿ ಪಡೆದು ಹೊರಟಾಗ ಆ ನೆಲೆ ಕುಸಿಯುತ್ತದೆ. ಅದರಿಂದ ಅವಳ ನಾಡಿಗೆ ನಷ್ಟವೇನೂ ಆಗಲಿಲ್ಲವೆಂದೇ ನನ್ನ ತೀರ್ಮಾನ.